ಧಾತು ಎಲ್ಲಿ ಮುಗಿಯುತ್ತದೆ?

‘ಮಾಡುತ್ತಾನೆ’ ಎಂಬ ಮಾತನ್ನು ಎಷ್ಟು ಭಾಗಗಳಾಗಿ ಒಡೆಯಬಹುದು? ಪ್ರಶ್ನೆ ಬಹು ಸುಲಭವೆಂದು ತೋರಬಹುದು. ಬರೆಯುವ ಕೈಯನ್ನು ಕೇಳಿದರೆ ಅದು ಮಾ, ಡು, ತ್ತಾ, ನೆ ಎಂದು ನಾಲ್ಕು ಅಕ್ಷರಗಳನ್ನು ಎಣಿಸಿ ಕೊಡುತ್ತದೆ. ಕೇಳುವ ಕಿವಿಯೂ ನಾಲ್ಕೆಂದೇ ಹೇಳುತ್ತದೆ; ಆದರೆ ಅದು ಕತ್ತರಿಸುವ ಸ್ಥಳ ಬೇರೆ: ಮಾ, ಡುತ್, ತಾ, ನೆ. ವ್ಯಾಕರಣವನ್ನು ಕೇಳಿದರೆ ಅದು ಈ ಎರಡನ್ನೂ ಒಪ್ಪದೆ ಮಾಡು, ಉತ್ತ, ಆನೆ ಎಂದು ಮೂರೇ ಭಾಗಗಳನ್ನು ತೋರಿಸುತ್ತದೆ. ಒಂದೇ ಕಬ್ಬಿನ ಜಲ್ಲೆಯನ್ನು ಮೂವರು ಮೂರು ಬೇರೆ ಬೇರೆ ಎಡೆಗಳಲ್ಲಿ ಮುರಿದಂತಾಯಿತು.

ಇವರಲ್ಲಿ ಯಾರು ಸರಿ? ಮೂವರೂ ಸರಿಯೇ. ಕೈ ಲಿಪಿಯ ಕಟ್ಟಳೆಗೆ ಅನುಸಾರವಾಗಿ ಒಡೆಯುತ್ತದೆ. ಕಿವಿ ಉಸಿರಿನ ಏರಿಳಿತಕ್ಕೆ ಅನುಸಾರವಾಗಿ ಒಡೆಯುತ್ತದೆ. ವ್ಯಾಕರಣ ಅರ್ಥಕ್ಕೆ ಅನುಸಾರವಾಗಿ ಒಡೆಯುತ್ತದೆ. ಈ ಮೂರು ಗೆರೆಗಳು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದನ್ನು ತಿಳಿದರೆ ಕನ್ನಡದ ಕ್ರಿಯಾಪದಗಳಲ್ಲಿ ‘ಅನಿಯಮಿತ’ವೆಂದು ನಾವು ಬಾಯಿಪಾಠ ಮಾಡುವ ಎಷ್ಟೋ ರೂಪಗಳು ನಿಯಮಬದ್ಧವಾಗಿ ಕಾಣತೊಡಗುತ್ತವೆ. ಅಷ್ಟೇ ಅಲ್ಲ, ‘ಅಶುದ್ಧ’ವೆಂದು ನಾವು ತಳ್ಳಿಬಿಡುವ ಹಳ್ಳಿಯ ಮಾತಿನಲ್ಲಿಯೂ ಅದೇ ನಿಯಮ ಕೆಲಸಮಾಡುತ್ತಿರುವುದು ಕಂಡುಬರುತ್ತದೆ. ಅದನ್ನು ಕ್ರಮವಾಗಿ ನೋಡೋಣ.

ಉಸಿರು ಕತ್ತರಿಸುವ ಬಗೆ

ಮೊದಲು ಕಿವಿಯ ವಿಭಾಗವನ್ನು ತೆಗೆದುಕೊಳ್ಳೋಣ. ವಾಚಕರು ಅಂಗೈಯನ್ನು ಗದ್ದದ ಕೆಳಗಿಟ್ಟುಕೊಂಡು ‘ಮಾಡುತ್ತಾನೆ’ ಎಂದು ನಿಧಾನವಾಗಿ ಹೇಳಿ ನೋಡಬಹುದು. ದವಡೆ ಒಂದೊಂದು ಸ್ವರಕ್ಕೂ ಒಮ್ಮೆ ಕೆಳಗಿಳಿದು, ವ್ಯಂಜನ ಬಂದಾಗ ಮತ್ತೆ ಮೇಲೇರುತ್ತದೆ. ನಾಲ್ಕು ಸ್ವರ, ನಾಲ್ಕು ಇಳಿತ. ಒಂದು ಸ್ವರವನ್ನು ಶಿಖರವಾಗಿ ಉಳ್ಳ, ಎರಡು ತಗ್ಗುಗಳ ನಡುವಣ ಈ ಧ್ವನಿಭಾಗಕ್ಕೆ ಇಂಗ್ಲಿಷಿನಲ್ಲಿ ಸಿಲಬಲ್ ಎಂದು ಹೆಸರು. ನಾವಿದನ್ನು ಉಚ್ಚಾರಾಂಶವೆಂದು ಕರೆಯೋಣ. ಅಕ್ಷರವೆಂಬ ಮಾತು ಬರೆವಣಿಗೆಗೂ ಸಲ್ಲುವುದರಿಂದ ಇಲ್ಲಿ ಬೇರೆ ಹೆಸರು ಅವಶ್ಯ.

ಸ್ವರವೇ ಏಕೆ ಶಿಖರವಾಗಬೇಕು? ಇದಕ್ಕೆ ಭೌತವಿಜ್ಞಾನದಲ್ಲಿ ಉತ್ತರವಿದೆ. ಗಂಟಲಿನ ಧ್ವನಿತಂತುಗಳು ಕಂಪಿಸಿದಾಗ ಹುಟ್ಟುವ ನಾದ, ಬಾಯಿ ಮತ್ತು ಗಂಟಲುಗಳು ಸೇರಿ ಆದ ಒಂದು ಕೊಳವೆಯ ಮೂಲಕ ಹೊರಬರುತ್ತದೆ. ವಯಸ್ಕ ಪುರುಷನಲ್ಲಿ ಈ ಕೊಳವೆಯ ಉದ್ದ ಸುಮಾರು 17 ಸೆಂಟಿಮೀಟರು. ಒಂದು ತುದಿ ಮುಚ್ಚಿ ಇನ್ನೊಂದು ತುದಿ ತೆರೆದಿರುವ ಕೊಳವೆಯ ಅನುರಣನವನ್ನು ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಶ್ರುತಿಕವೆಯನ್ನು ಹಿಡಿದು ಅಳೆದಿರುವುದುಂಟಷ್ಟೆ. ಶಬ್ದದ ವೇಗ ಸೆಕೆಂಡಿಗೆ 340 ಮೀಟರೆಂದು ಇಟ್ಟುಕೊಂಡು ಅದನ್ನು ಕೊಳವೆಯ ಉದ್ದದ ನಾಲ್ಕರಷ್ಟರಿಂದ, ಎಂದರೆ 0.68 ಮೀಟರಿನಿಂದ, ಭಾಗಿಸಿದರೆ 500 ಬರುತ್ತದೆ. ಸೆಕೆಂಡಿಗೆ 500 ಕಂಪನಗಳು ಮೊದಲನೆಯ ಅನುರಣನ; 1500, 2500 ಅದರ ಮುಂದಿನವು. ನಾಲಿಗೆ ತುಟಿಗಳನ್ನು ಚಲಿಸಿ ನಾವು ಕೊಳವೆಯ ಆಕಾರವನ್ನು ಬದಲಿಸಿದಂತೆ ಈ ಅಂಕಿಗಳು ಸ್ಥಾನ ಬದಲಿಸುತ್ತವೆ. ಆ ಬದಲಾವಣೆಯನ್ನೇ ನಾವು ಅ, ಇ, ಉ ಎಂಬ ಬೇರೆ ಬೇರೆ ಸ್ವರಗಳಾಗಿ ಕೇಳುತ್ತೇವೆ. ಸ್ವರ ಹುಟ್ಟುವಾಗ ಕೊಳವೆ ತೆರೆದಿರುತ್ತದೆ, ಶಬ್ದಶಕ್ತಿ ಧಾರಾಳವಾಗಿ ಹೊರಬರುತ್ತದೆ. ಪ, ತ, ಕ ಮುಂತಾದವುಗಳಲ್ಲಿ ಕೊಳವೆ ಕ್ಷಣಕಾಲ ಪೂರ್ತಿ ಮುಚ್ಚಿಹೋಗುತ್ತದೆ, ಆಗ ಮೌನ. ಯ, ರ, ಲ, ನ, ಮ ಮುಂತಾದವು ಈ ಎರಡರ ನಡುವೆ ಇರುತ್ತವೆ. ಧ್ವನಿಗಳನ್ನು ಹೀಗೆ ನಾದಗುಣದ ಮೆಟ್ಟಲುಗಳಾಗಿ ಜೋಡಿಸಿ, ಉಚ್ಚಾರಾಂಶವೆಂದರೆ ಆ ಮೆಟ್ಟಲುಗಳ ಏರಿಳಿತವೆಂದು ಡೆನ್ಮಾರ್ಕಿನ ಭಾಷಾವಿಜ್ಞಾನಿ ಆಟೋ ಯೆಸ್ಪರ್ಸನ್ 1904ರಲ್ಲಿ ವಿವರಿಸಿದನು. 1940ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸಿದ್ಧವಾದ ಯಂತ್ರವೊಂದು ಮಾತನ್ನು ಕಾಗದದ ಮೇಲೆ ಚಿತ್ರವಾಗಿ ಮೂಡಿಸಿತು. ಇಂದು ಆ ಕೆಲಸವನ್ನು ಸಾಮಾನ್ಯ ಗಣಕಯಂತ್ರವೂ ಮಾಡುತ್ತದೆ. ಸಹಜವಾದ ಮಾತಿನಲ್ಲಿ ಸೆಕೆಂಡಿಗೆ ಸುಮಾರು ನಾಲ್ಕೈದು ಶಿಖರಗಳು ಆ ಚಿತ್ರದಲ್ಲಿ ಕಾಣಬರುತ್ತವೆ.

ಈಗ ‘ಕತೆ’, ‘ಕತ್ತೆ’ ಎಂಬೆರಡು ಮಾತುಗಳನ್ನು ಹೇಳಿ ನೋಡಿ. ‘ಕತ್ತೆ’ಯಲ್ಲಿ ತಕಾರವನ್ನು ನಾವು ಎರಡು ಸಲ ಹೇಳುವುದಿಲ್ಲ. ನಾಲಿಗೆಯ ತುದಿ ಹಲ್ಲಿಗೆ ಒಮ್ಮೆ ತಗಲಿ, ‘ಕತೆ’ಯಲ್ಲಿ ಇದ್ದುದಕ್ಕಿಂತ ಹೆಚ್ಚು ಹೊತ್ತು ಅಲ್ಲಿಯೇ ನಿಂತು, ಆಮೇಲೆ ಬಿಡುತ್ತದೆ. ತಗಲಿದ ಕ್ಷಣ ಹಿಂದಿನ ಉಚ್ಚಾರಾಂಶದ ಬಾಗಿಲನ್ನು ಮುಚ್ಚುತ್ತದೆ. ಬಿಟ್ಟ ಕ್ಷಣ ಮುಂದಿನದರ ಬಾಗಿಲನ್ನು ತೆರೆಯುತ್ತದೆ. ಆದುದರಿಂದಲೇ ಕಿವಿ ಅದನ್ನು ಕತ್, ತೆ ಎಂದು ಒಡೆಯುತ್ತದೆ. ಲಿಪಿ ಮಾತ್ರ ಎರಡು ತಕಾರಗಳನ್ನೂ ಒಂದರ ಕೆಳಗೊಂದು ಕಟ್ಟಿ ಎರಡನೆಯ ಅಕ್ಷರಕ್ಕೇ ಸೇರಿಸಿಬಿಡುತ್ತದೆ.

ಇಲ್ಲಿ ಪ್ರೌಢಶಾಲೆಯ ಒಂದು ಹಳೆಯ ಸೂತ್ರಕ್ಕೆ ಕಾರಣ ದೊರೆಯುತ್ತದೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಛಂದಸ್ಸಿನ ಪಾಠದಲ್ಲಿ ಎಲ್ಲರೂ ಕಲಿಯುತ್ತಾರೆ. ಒತ್ತು ಇರುವುದು ಮುಂದಿನ ಅಕ್ಷರಕ್ಕೆ, ಭಾರ ಬರುವುದು ಹಿಂದಿನ ಅಕ್ಷರಕ್ಕೆ! ಇದೇಕೆಂದು ಕೇಳಿದರೆ ಸಾಮಾನ್ಯವಾಗಿ ನಿಯಮವೆಂಬ ಉತ್ತರ ಮಾತ್ರ ಸಿಗುತ್ತದೆ. ನಿಜವಾದ ಕಾರಣವಿಷ್ಟೆ: ಒತ್ತಕ್ಷರದ ಮೊದಲರ್ಧ ಉಚ್ಚಾರದಲ್ಲಿ ಹಿಂದಿನ ಉಚ್ಚಾರಾಂಶಕ್ಕೆ ಸೇರಿದೆ. ‘ಕ’ ಎಂಬುದು ಒಂದು ಮಾತ್ರೆ. ‘ಕತ್’ ಎಂಬುದು ಎರಡು ಮಾತ್ರೆ. ಛಂದಶ್ಶಾಸ್ತ್ರಜ್ಞರು ಲಿಪಿಯನ್ನು ನೋಡಿ ಸೂತ್ರ ಬರೆಯಲಿಲ್ಲ, ಕಿವಿಗೊಟ್ಟು ಕೇಳಿ ಬರೆದರು ಎಂಬುದಕ್ಕೆ ಇದೊಂದು ಸಾಕ್ಷಿ.

ಅರ್ಥ ಕತ್ತರಿಸುವ ಬಗೆ

ಇನ್ನು ವ್ಯಾಕರಣದ ವಿಭಾಗ. ಮಾಡುತ್ತಾನೆ, ಮಾಡಿದನು, ಮಾಡುವನು, ಮಾಡಲಿ, ಮಾಡಿಸು ಎಂಬ ರೂಪಗಳನ್ನು ಒಂದರ ಕೆಳಗೊಂದು ಬರೆದರೆ ಎಲ್ಲವುಗಳಲ್ಲಿಯೂ ಬದಲಾಗದೆ ಉಳಿಯುವ ಭಾಗ ‘ಮಾಡ್’ ಎಂಬುದು. ಶಾಲೆಯ ವ್ಯಾಕರಣ ಅದಕ್ಕೆ ಉಕಾರವನ್ನು ಸೇರಿಸಿ ‘ಮಾಡು’ ಎಂದು ಧಾತುವನ್ನು ಹೇಳುತ್ತದೆ; ಮುಂದೆ ಸ್ವರ ಬಂದಾಗ ಆ ಉಕಾರ ಲೋಪಸಂಧಿಯಿಂದ ಹೋಗುತ್ತದೆ ಎನ್ನುತ್ತದೆ. ಎರಡು ಹೇಳಿಕೆಗಳ ಫಲಿತಾಂಶ ಒಂದೇ. ಧಾತು, ಅದರ ಮೇಲೆ ಕಾಲವನ್ನು ಸೂಚಿಸುವ ಪ್ರತ್ಯಯ, ಅದರ ಮೇಲೆ ಕರ್ತೃವನ್ನು ಸೂಚಿಸುವ ಆಖ್ಯಾತ ಪ್ರತ್ಯಯ, ಇದು ಕನ್ನಡ ಕ್ರಿಯಾಪದದ ಕಟ್ಟಡ. ಸುಮಾರು ಕ್ರಿ.ಶ. 1260ರಲ್ಲಿ ರಚಿತವಾದ ‘ಶಬ್ದಮಣಿದರ್ಪಣ’ದಲ್ಲಿ ಕೇಶಿರಾಜನು ಧಾತುಗಳಿಗೂ ಆಖ್ಯಾತಕ್ಕೂ ಬೇರೆ ಬೇರೆ ಪ್ರಕರಣಗಳನ್ನೇ ಮೀಸಲಿಟ್ಟಿದ್ದಾನೆ.

ಈಗ ಗೆರೆಗಳನ್ನು ಹೋಲಿಸೋಣ. ಧಾತು ಮುಗಿಯುವುದು ಡಕಾರದ ನಂತರ. ಆದರೆ ಕಿವಿ ಮಾ ಎಂಬಲ್ಲಿಯೇ ಕತ್ತರಿಸಿ ಡಕಾರವನ್ನು ಮುಂದಿನ ಉಚ್ಚಾರಾಂಶಕ್ಕೆ ಕೊಟ್ಟುಬಿಟ್ಟಿದೆ. ಎರಡು ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಅದು ಮುಂದಿನ ಸ್ವರಕ್ಕೆ ಸೇರುತ್ತದೆ. ಇದು ಕನ್ನಡದಲ್ಲಿ ಮಾತ್ರವಲ್ಲ, ಪ್ರಪಂಚದ ಬಹುಪಾಲು ಭಾಷೆಗಳಲ್ಲಿ ಕಾಣುವ ಪ್ರವೃತ್ತಿ. ಆದುದರಿಂದ ಧಾತುವಿನ ಕೊನೆಯ ವ್ಯಂಜನ ಸಾಮಾನ್ಯವಾಗಿ ಪ್ರತ್ಯಯದ ಮನೆಯಲ್ಲಿ ವಾಸಿಸುತ್ತದೆ.

ಆದರೆ ನಮ್ಮ ಆಡುಮಾತನ್ನು ಗಮನಿಸಿ. ಹಾಸನದ ಸಂತೆಯಲ್ಲಿಯಾಗಲಿ ಮನೆಯಲ್ಲಿಯಾಗಲಿ ಯಾರೂ ‘ಮಾಡುತ್ತಾನೆ’ ಎನ್ನುವುದಿಲ್ಲ, ‘ಮಾಡ್ತಾನೆ’ ಎನ್ನುತ್ತಾರೆ. ‘ಮಾಡಿದ’ ಎನ್ನುವುದಿಲ್ಲ, ‘ಮಾಡ್ದ’ ಎನ್ನುತ್ತಾರೆ. ಕಿವಿ ಇವನ್ನು ಮಾಡ್, ತಾ, ನೆ ಎಂದೂ ಮಾಡ್, ದ ಎಂದೂ ಒಡೆಯುತ್ತದೆ. ಉಚ್ಚಾರಾಂಶದ ಗೆರೆಯೂ ಧಾತುವಿನ ಗೆರೆಯೂ ಇಲ್ಲಿ ಸರಿಯಾಗಿ ಒಂದೇ ಕಡೆ ಬಿದ್ದಿವೆ! ಪುಸ್ತಕದ ರೂಪದಲ್ಲಿ ಮರೆಯಾಗಿದ್ದ ಧಾತು ಆಡುಮಾತಿನಲ್ಲಿ ಎದ್ದು ಕಾಣುತ್ತದೆ. ಆದರೂ ಲಿಪಿ ಅದನ್ನು ಮಾ, ಡ್ತಾ, ನೆ ಎಂದು ಬರೆದು ಮತ್ತೆ ಮುಚ್ಚಿಡುತ್ತದೆ. ಕಣ್ಣಿಗೆ ವಿಕಾರವಾಗಿ ಕಾಣುವ ‘ಡ್ತಾ’ ಎಂಬ ಒತ್ತಕ್ಷರ ಕಿವಿಗೆ ಎಂದೂ ಒಂದಾಗಿ ಬಿದ್ದದ್ದಲ್ಲ.

ಎರಡು ಶಿಲೆಗಳು

ಧಾತು ಎಲ್ಲಿ ಮುಗಿಯುತ್ತದೆ ಎಂಬ ಪ್ರಶ್ನೆ ಇನ್ನೂ ಕಠಿನವಾಗುವ ಸಂದರ್ಭಗಳಿವೆ. ‘ಕೊಡು’ ಧಾತುವಿನ ಭೂತಕಾಲ ‘ಕೊಡಿದ’ ಎಂದಲ್ಲ, ‘ಕೊಟ್ಟ’ ಎಂದು. ಇದರಲ್ಲಿ ಧಾತು ಎಷ್ಟು, ಪ್ರತ್ಯಯವೆಷ್ಟು? ಈ ಸಮಸ್ಯೆಗೆ ಹಾಸನ ಜಿಲ್ಲೆಯಲ್ಲಿಯೇ ಎರಡು ಪ್ರಸಿದ್ಧ ಶಿಲಾಸಾಕ್ಷ್ಯಗಳಿವೆ.

ಮೊದಲನೆಯದು ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಸುಮಾರು ಕ್ರಿ.ಶ. 450ರದೆಂದು ಎಣಿಸಲಾದ, ಹದಿನಾರು ಸಾಲುಗಳ ಈ ಶಾಸನದಲ್ಲಿ ದಾನವನ್ನು ಹೇಳುವ ಕ್ರಿಯಾಪದ ‘ಕೊಟ್ಟಾರ್’ ಎಂದಿದೆ. ಎರಡನೆಯದು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟನ ಪಾದದ ಬಳಿ ಇದೆ. ಸುಮಾರು 981ರಲ್ಲಿ ಚಾವುಂಡರಾಯನು ಮೂರ್ತಿಯನ್ನು ಮಾಡಿಸಿದುದನ್ನು ಹೇಳುವ ಅಲ್ಲಿಯ ಕ್ರಿಯಾಪದ ‘ಮಾಡಿಸಿದಂ’.

ಒಂದರಲ್ಲಿ ಟಕಾರ ಇಮ್ಮಡಿಸಿದೆ. ಇನ್ನೊಂದರಲ್ಲಿ ‘ಇದ’ ಬಂದಿದೆ. ಇದು ಶಿಲ್ಪಿಯ ಇಚ್ಛೆಯಲ್ಲ, ಭಾಷೆಯ ಕಟ್ಟಳೆ. ಆ ಕಟ್ಟಳೆಯನ್ನು ಕಂಡುಕೊಳ್ಳಲು ಇಂದಿನ ಕನ್ನಡವೇ ಸಾಕು. ಡುಕಾರದಲ್ಲಿ ಮುಗಿಯುವ ಧಾತುಗಳನ್ನು ಎರಡು ಗುಂಪು ಮಾಡಿ:

ಕೊಡು–ಕೊಟ್ಟ, ಬಿಡು–ಬಿಟ್ಟ, ಇಡು–ಇಟ್ಟ, ನೆಡು–ನೆಟ್ಟ, ಸುಡು–ಸುಟ್ಟ, ಕೆಡು–ಕೆಟ್ಟ, ಉಡು–ಉಟ್ಟ.

ಮಾಡು–ಮಾಡಿದ, ನೋಡು–ನೋಡಿದ, ಆಡು–ಆಡಿದ, ಓಡು–ಓಡಿದ, ಬೇಡು–ಬೇಡಿದ, ಕೂಡು–ಕೂಡಿದ.

ವ್ಯತ್ಯಾಸ ತಾನಾಗಿಯೇ ಕಾಣುತ್ತದೆ. ಮೊದಲಕ್ಷರ ಲಘುವಾಗಿದ್ದರೆ ಇಮ್ಮಡಿ, ಗುರುವಾಗಿದ್ದರೆ ‘ಇದ’. ಗುಕಾರದ ಧಾತುಗಳಿಗೂ ಇದೇ ಪರೀಕ್ಷೆ: ನಗು–ನಕ್ಕ, ಹೊಗು–ಹೊಕ್ಕ, ಮಿಗು–ಮಿಕ್ಕ, ಆದರೆ ಕೂಗು–ಕೂಗಿದ, ತೂಗು–ತೂಗಿದ, ಬಾಗು–ಬಾಗಿದ. ರುಕಾರದಲ್ಲಿಯೂ ಹಾಗೆಯೇ: ಹೊರು–ಹೊತ್ತ, ಹೆರು–ಹೆತ್ತ, ತೆರು–ತೆತ್ತ, ಆದರೆ ಏರು–ಏರಿದ, ಮಾರು–ಮಾರಿದ, ಸೇರು–ಸೇರಿದ. ಹೊರು, ಹೆರು, ತೆರು ಎಂಬುವುಗಳಲ್ಲಿ ಹಿಂದೆ ಇದ್ದುದು ಈಗ ಲುಪ್ತವಾಗಿರುವ ಶಕಟರೇಫ. ಆದುದರಿಂದ ಸಾಮಾನ್ಯ ರಕಾರವುಳ್ಳ ‘ಬರು’, ‘ತರು’ ಎಂಬ ಧಾತುಗಳು ಈ ಗುಂಪಿಗೆ ಸೇರದೆ ‘ಬಂದ’, ‘ತಂದ’ ಎಂದಾಗುತ್ತವೆ.

ಒತ್ತಕ್ಷರದಿಂದ ಗುರುವಾದರೂ ಫಲ ಅದೇ: ಕಟ್ಟು–ಕಟ್ಟಿದ, ತಟ್ಟು–ತಟ್ಟಿದ. ಧಾತು ಉದ್ದವಾದರೂ ಅಷ್ಟೇ: ಅಡಗು–ಅಡಗಿದ, ಬೆಳಗು–ಬೆಳಗಿದ, ಮಾಡಿಸು–ಮಾಡಿಸಿದ. ಹೀಗೆ ಹಲ್ಮಿಡಿಯ ‘ಕೊಟ್ಟಾರ್’ ಲಘುಧಾತುವಿನ ರೂಪ. ಬೆಳಗೊಳದ ‘ಮಾಡಿಸಿದಂ’ ಉದ್ದಧಾತುವಿನ ರೂಪ. ಛಂದಸ್ಸಿನಲ್ಲಿ ಪದ್ಯವನ್ನು ಅಳೆಯುವ ತಕ್ಕಡಿಯೇ ಕ್ರಿಯಾಪದವನ್ನೂ ಅಳೆಯುತ್ತಿದೆ.

ಇಮ್ಮಡಿ ಹುಟ್ಟುವ ಬಗೆಯೂ ಸರಳವಾದುದೇ. ‘ಕೊಡ್’ ಎಂಬುದರ ಮೇಲೆ ಭೂತಕಾಲದ ತಕಾರ ನೇರವಾಗಿ ಕೂಡಿದಾಗ ನಾಲಿಗೆ ಒಂದು ಸ್ಥಾನದಿಂದ ಇನ್ನೊಂದಕ್ಕೆ ನೆಗೆಯುವ ಬದಲು ಮೊದಲಿನ ಮೂರ್ಧನ್ಯ ಸ್ಥಾನದಲ್ಲಿಯೇ ನಿಂತುಬಿಟ್ಟಿತು. ತಕಾರದಲ್ಲಿ ನಾದವಿಲ್ಲದುದರಿಂದ ಧ್ವನಿತಂತುಗಳು ಮುಂಚೆಯೇ ಸುಮ್ಮನಾದುವು. ನಾಲಿಗೆಯ ಸ್ಥಾನ ಧಾತುವಿನದು, ನಿರ್ನಾದ ಪ್ರತ್ಯಯದ್ದು. ಎರಡೂ ಸೇರಿ ‘ಟ್ಟ’. ಧಾತು ಇಲ್ಲಿ ಎಲ್ಲಿ ಮುಗಿಯುತ್ತದೆಂದು ಚಾಕುವಿನಿಂದ ಗೆರೆ ಎಳೆಯಲಾಗುವುದಿಲ್ಲ. ಎರಡು ಲೋಹಗಳು ಬೆಸುಗೆಯಲ್ಲಿ ಕೂಡಿದಂತೆ ಕೂಡಿವೆ.

ಗುರುಧಾತುಗಳಲ್ಲಿ ಹೀಗೇಕೆ ಆಗಲಿಲ್ಲ? ‘ಮಾ’ ಎಂಬುದರಲ್ಲಿ ಆಗಲೇ ಎರಡು ಮಾತ್ರೆಗಳಿವೆ. ಅದರ ಹಿಂದೆ ಇಮ್ಮಡಿ ವ್ಯಂಜನದ ಮೊದಲರ್ಧವೂ ಸೇರಿದರೆ ಆ ಉಚ್ಚಾರಾಂಶಕ್ಕೆ ಅತಿಭಾರವಾಗುತ್ತಿತ್ತು. ಇಕಾರ ನಡುವೆ ನಿಂತು ಆ ಭಾರವನ್ನು ಇಳಿಸಿದೆಯೆಂದು ತಿಳಿಯಬಹುದು. ಈ ವಿವರಣೆಗೆ ಬೆಂಬಲವಾಗಿ ನಿಲ್ಲುವವು, ಮೇಲೆ ನೋಡಿದಾಗ ಅಪವಾದಗಳಂತೆ ತೋರುವ ಮೂರು ಧಾತುಗಳು: ಬೀಳು–ಬಿದ್ದ, ಏಳು–ಎದ್ದ, ಕೀಳು–ಕಿತ್ತ. ಇಲ್ಲಿ ದೀರ್ಘಸ್ವರದ ಧಾತುವಿಗೂ ಇಮ್ಮಡಿ ಬಂದಿದೆ. ಆದರೆ ಬಂದೊಡನೆ ದೀರ್ಘ ಹ್ರಸ್ವವಾಗಿಹೋಗಿದೆ! ‘ಬೀದ್ದ’, ‘ಏದ್ದ’ ಎಂದು ಯಾರೂ ಹೇಳರು. ದೀರ್ಘವಾದರೂ ಇರಬೇಕು, ಇಮ್ಮಡಿಯಾದರೂ ಇರಬೇಕು. ಎರಡೂ ಒಟ್ಟಿಗೆ ಬೇಡ ಎಂಬುದು ಹಳೆಯ ಭೂತಕಾಲದ ರೂಪಗಳಲ್ಲಿ ಕಾಣುವ ಮಿತವ್ಯಯ. ಇಂದಿನ ‘ಮಾಡ್ದ’ ಎಂಬ ಮಾತು ಆ ಮಿತಿಯನ್ನು ದಾಟಿರುವುದು ನಿಜ. ಅದು ಇಕಾರ ಬಿದ್ದುಹೋದ ಮೇಲೆ ಹುಟ್ಟಿದ ಹೊಸ ರೂಪ.

ಎಲ್ಲ ಕ್ರಿಯಾಪದಗಳೂ ಈ ಒಂದೇ ಸೂತ್ರಕ್ಕೆ ಅಧೀನವೆಂದು ಭಾವಿಸಬಾರದು. ಹೋಗು–ಹೋದ, ಆಗು–ಆದ, ನಿಲ್ಲು–ನಿಂತ ಮುಂತಾದವುಗಳಿಗೆ ಬೇರೆ ಬೇರೆ ಚರಿತ್ರೆಗಳಿವೆ. ದಿನವೂ ನೂರು ಸಲ ಬಳಸುವ ನಾಣ್ಯ ಬೇಗ ಸವೆಯುವಂತೆ ಅತಿ ಬಳಕೆಯ ಧಾತುಗಳೂ ಬೇಗ ಸವೆಯುತ್ತವೆ.

ಫ್ರಾನ್ಸಿನಲ್ಲಿಯೂ ಇದೇ ಕಥೆ

ಉಚ್ಚಾರಾಂಶದ ಸ್ವಭಾವ ಧಾತುವಿನ ರೂಪವನ್ನೇ ಬದಲಿಸುವುದು ಕನ್ನಡಕ್ಕೆ ಮಾತ್ರ ಸೀಮಿತವಾದುದಲ್ಲ. ಫ್ರೆಂಚ್ ಕಲಿಯುವ ವಿದ್ಯಾರ್ಥಿಗಳನ್ನು ಕಾಡುವ ಕ್ರಿಯಾಪದಗಳಲ್ಲಿ ‘ಬರು’ ಎಂಬರ್ಥದ ‘ವನೀರ್’ ಒಂದು. ‘ಅವನು ಬರುತ್ತಾನೆ’ ಎನ್ನಲು ‘ಇಲ್ ವಿಯಾಂ’. ‘ನಾವು ಬರುತ್ತೇವೆ’ ಎನ್ನಲು ‘ನು ವನೋಂ’. ಒಂದೇ ಧಾತುವಿನ ಸ್ವರ ಎರಡು ಕಡೆ ಎರಡು ವಿಧವಾಗಿದೆ. ಕಾರಣವನ್ನು ಆ ಭಾಷೆಯ ತಾಯಿಯಾದ ಲ್ಯಾಟಿನ್ನಿನಲ್ಲಿ ಹುಡುಕಬೇಕು. ಅಲ್ಲಿ ‘ವೆನಿತ್’ ಎಂಬ ರೂಪದಲ್ಲಿ ಒತ್ತು ಬೀಳುತ್ತಿದ್ದುದು ಮೊದಲನೆಯ ಉಚ್ಚಾರಾಂಶದ ಮೇಲೆ, ಎಂದರೆ ಧಾತುವಿನ ಮೇಲೆ. ‘ವೆನೀಮುಸ್’ ಎಂಬ ರೂಪದಲ್ಲಿ ಎರಡನೆಯ ಉಚ್ಚಾರಾಂಶದ ಮೇಲೆ. ಒತ್ತು ಬಿದ್ದ ಎಕಾರ ಹಿಗ್ಗಿ ಬೇರೆಯಾಯಿತು. ಒತ್ತಿಲ್ಲದ ಎಕಾರ ಕುಗ್ಗಿ ಉಳಿಯಿತು. ಲ್ಯಾಟಿನ್ನಿನ ಪ್ರತ್ಯಯಗಳು ಸವೆದುಹೋದ ಮೇಲೆ ಕಾರಣ ಮರೆಯಾಗಿ ಪರಿಣಾಮ ಮಾತ್ರ ನಿಂತಿತು. ಅದನ್ನೇ ವಿದ್ಯಾರ್ಥಿ ಇಂದು ‘ಅನಿಯಮಿತ’ವೆಂದು ಬಾಯಿಪಾಠ ಮಾಡುತ್ತಾನೆ.

ಅಲ್ಲಿಯೂ ಧಾತುವಿನ ಗೆರೆಗೂ ಉಚ್ಚಾರಾಂಶದ ಗೆರೆಗೂ ಹೊಂದಾಣಿಕೆಯಿಲ್ಲ. ‘ನಾವು ಮಾತಾಡುತ್ತೇವೆ’ ಎಂಬರ್ಥದ ‘ಪಾರ್ಲೋಂ’ ಎಂಬುದರಲ್ಲಿ ಧಾತು ‘ಪಾರ್ಲ್’. ಕಿವಿ ಮಾತ್ರ ಅದನ್ನು ಪಾರ್, ಲೋಂ ಎಂದು ಒಡೆಯುತ್ತದೆ. ಫ್ರೆಂಚಿನಲ್ಲಿ ಒತ್ತು ಮಾಡಿದ ಕೆಲಸವನ್ನು ಕನ್ನಡದಲ್ಲಿ ಲಘುಗುರುಗಳು ಮಾಡಿವೆ. ತತ್ತ್ವ ಒಂದೇ: ಅರ್ಥ ಕಟ್ಟಿದ ಕೀಲನ್ನು ಉಸಿರು ತನ್ನ ಅನುಕೂಲಕ್ಕೆ ತಕ್ಕಂತೆ ತಿದ್ದುತ್ತದೆ.

‘ಬತ್ತದೆ’ ಎಂದವನು

ಇದುವರೆಗೆ ಹೇಳಿದುದನ್ನು ನಮ್ಮ ತರಗತಿಗಳಿಗೆ ಅನ್ವಯಿಸಿ ನೋಡಬೇಕಾಗಿದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸುತ್ತಣ ಹಳ್ಳಿಗಳಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳಲ್ಲಿ ಹಲವರು ಮನೆಯಲ್ಲಿ ‘ಬತ್ತೀನಿ’, ‘ಬತ್ತಾನೆ’, ‘ತತ್ತೀನಿ’ ಎಂದೇ ಮಾತಾಡಿ ಬೆಳೆದವರು. ತರಗತಿಯಲ್ಲಿ ಒಬ್ಬನು ಎದ್ದು ‘ಈ ಸಮೀಕರಣದಲ್ಲಿ ಎರಡು ಯಾಕೆ ಬತ್ತದೆ ಸಾರ್?’ ಎಂದು ಕೇಳುತ್ತಾನೆ. ಪ್ರಶ್ನೆ ಒಳ್ಳೆಯದು. ಆದರೆ ‘ಬತ್ತದೆ’ ಎಂಬ ಮಾತಿಗೆ ಹಿಂದಿನ ಬೆಂಚಿನಲ್ಲಿ ನಗು ಏಳುತ್ತದೆ. ಆತನು ಕುಳಿತುಕೊಳ್ಳುತ್ತಾನೆ, ಆ ವರ್ಷ ಮತ್ತೆ ಪ್ರಶ್ನೆ ಕೇಳುವುದಿಲ್ಲ. ಇಂಥ ನಗುವಿನಿಂದ ವಿಜ್ಞಾನಕ್ಕೆ ಆಗುವ ನಷ್ಟವನ್ನು ಯಾವ ತಕ್ಕಡಿಯಲ್ಲಿಯೂ ತೂಗಲಾಗದು.

ನಕ್ಕವರು ಒಂದು ಕ್ಷಣ ಯೋಚಿಸಬೇಕು. ‘ಬರುತ್ತದೆ’ ಎಂಬುದರ ಉಕಾರ ಬಿದ್ದರೆ ‘ಬರ್ತದೆ’. ಇದನ್ನು ಪಟ್ಟಣದವರೂ ಆಡುತ್ತಾರೆ. ಕಿವಿಯ ವಿಭಾಗ ಬರ್, ತ, ದೆ. ರಕಾರ ಈಗ ಉಚ್ಚಾರಾಂಶದ ಕೊನೆಯಲ್ಲಿದೆ. ಆ ಸ್ಥಾನ ವ್ಯಂಜನಗಳಿಗೆ ದುರ್ಬಲವಾದ ಸ್ಥಾನ; ಏಕೆಂದರೆ ವ್ಯಂಜನವನ್ನು ನಾವು ಮುಖ್ಯವಾಗಿ ಗುರುತಿಸುವುದು ಅದು ಬಿಡುಗಡೆಯಾಗಿ ಮುಂದಿನ ಸ್ವರಕ್ಕೆ ಹಾಯುವ ಕ್ಷಣದಲ್ಲಿ. ಹಿಂದೆ ಸ್ವರವಿದ್ದು ಮುಂದೆ ಇನ್ನೊಂದು ವ್ಯಂಜನವೇ ಇದ್ದರೆ ಆ ಕ್ಷಣ ದೊರೆಯುವುದಿಲ್ಲ. ನಾಲಿಗೆ ಮುಂದಿನ ತಕಾರದ ಸ್ಥಾನಕ್ಕೆ ಮುಂಚಿತವಾಗಿಯೇ ಹೋಗಿ ನಿಲ್ಲುತ್ತದೆ. ‘ಬರ್ತ’ ಎಂಬುದು ‘ಬತ್ತ’ ಆಗುತ್ತದೆ. ಉಚ್ಚಾರಾಂಶದ ತೂಕ ಮಾತ್ರ ಕೆಡಲಿಲ್ಲ ಎಂಬುದನ್ನು ಗಮನಿಸಿ: ‘ಬರ್’ ಗುರು, ‘ಬತ್’ ಕೂಡ ಗುರು. ರಕಾರ ಹೋಯಿತು, ಅದರ ಮಾತ್ರೆ ಉಳಿಯಿತು. ಇದು ನಾಲಿಗೆಯ ಸೋಮಾರಿತನವಾಗಿದ್ದರೆ ಮಾತ್ರೆಯೂ ಹೋಗಬೇಕಾಗಿತ್ತಲ್ಲವೆ?

ಇನ್ನು ಪುಸ್ತಕದ ಕನ್ನಡವನ್ನು ನೋಡಿ. ‘ಇರು’ ಧಾತುವಿನ ಭೂತಕಾಲ ‘ಇದ್ದ’. ಇದರಲ್ಲಿ ರಕಾರವೆಲ್ಲಿ? ಹಳಗನ್ನಡದಲ್ಲಿ ಇದು ‘ಇರ್ದಂ’ ಎಂದಿತ್ತು. ಇರ್, ದಂ ಎಂಬ ವಿಭಾಗದಲ್ಲಿ ರಕಾರ ಉಚ್ಚಾರಾಂಶದ ಕೊನೆಗೆ ಸಿಕ್ಕಿ, ಮುಂದಿನ ದಕಾರದಲ್ಲಿ ಲೀನವಾಗಿ, ತನ್ನ ಮಾತ್ರೆಯನ್ನು ಬಿಟ್ಟುಹೋಯಿತು. ‘ಮರ್ದು’ ಎಂಬುದು ‘ಮದ್ದು’ ಆಯಿತು. ‘ಇರ್ಪತ್ತು’ ಎಂಬುದು ‘ಇಪ್ಪತ್ತು’ ಆಯಿತು. ಈ ಲೇಖನದ ಆರಂಭದಲ್ಲಿ ಉದಾಹರಿಸಿದ ‘ಕತ್ತೆ’ ಕೂಡ ಹಿಂದೆ ‘ಕೞ್ತೆ’ಯಾಗಿತ್ತು, ಅಲ್ಲಿ ಲೀನವಾದುದು ಈಗ ಲಿಪಿಯಿಂದಲೇ ಮರೆಯಾಗಿರುವ ರೞಾಕ್ಷರ. ಇವೆಲ್ಲ ಇಂದು ಶುದ್ಧ ಕನ್ನಡ. ‘ಅವನು ಇದ್ದನು’ ಎಂದು ಬರೆಯುವ ಪ್ರತಿಯೊಬ್ಬನೂ ‘ಬತ್ತಾನೆ’ ಎನ್ನುವವನ ನಿಯಮವನ್ನೇ ಪಾಲಿಸುತ್ತಿದ್ದಾನೆ. ವ್ಯತ್ಯಾಸವಿರುವುದು ಕಾಲದಲ್ಲಿ: ಒಂದು ಬದಲಾವಣೆ ಗ್ರಂಥಗಳಿಗೆ ಸೇರುವಷ್ಟು ಹಳೆಯದು, ಇನ್ನೊಂದು ಇನ್ನೂ ಬಾಯಲ್ಲಿಯೇ ಇದೆ.

ಹಕಾರವನ್ನು ಬಿಟ್ಟು ‘ಓಗ್ತಾನೆ’ ಎನ್ನುವುದಕ್ಕೂ ಇಂಥದೇ ಹಿನ್ನೆಲೆಯುಂಟು. ಹಲ್ಮಿಡಿ ಶಾಸನದಲ್ಲಿ ಆ ಊರಿನ ಹೆಸರು ‘ಪಲ್ಮಿಡಿ’. ಪಕಾರದಲ್ಲಿ ತುಟಿಗಳು ಪೂರ್ತಿ ಮುಚ್ಚುತ್ತವೆ. ಆ ಮುಚ್ಚುವಿಕೆ ಹೋಗಿ ಬರಿಯ ಉಸಿರು ಉಳಿದಾಗ ಅದು ಹಕಾರ. ಆ ಉಸಿರೂ ಹೋದರೆ ಶುದ್ಧ ಸ್ವರ. ಪೋಗು, ಹೋಗು, ಓಗು ಎಂಬುವು ಒಂದೇ ಇಳಿಜಾರಿನ ಮೂರು ಮೆಟ್ಟಲುಗಳು. ಎರಡನೆಯ ಮೆಟ್ಟಲಿನಲ್ಲಿ ನಿಂತವನು ಮೂರನೆಯದರಲ್ಲಿ ನಿಂತವನನ್ನು ನೋಡಿ ನಗಬೇಕಾದ ಕಾರಣವಿಲ್ಲ.

ಹಾಗಾದರೆ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿಯೂ ‘ಬತ್ತದೆ’ ಎಂದೇ ಬರೆಯಬಹುದೆ? ಹಾಗಲ್ಲ. ಧ್ವನಿಗಳು ಕೂಡಿಕೊಂಡಾಗ ಕೆಲವು ಭೇದಗಳು ಅಳಿಸಿಹೋಗುತ್ತವೆ. ‘ಹೊಳೆ ಬತ್ತದೆ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಹೇಮಾವತಿಯ ದಡದ ರೈತನ ಬಾಯಲ್ಲಿ ಅದರ ಅರ್ಥ ಹೊಳೆ ಬರುತ್ತಿದೆ, ನೀರು ಏರುತ್ತಿದೆ ಎಂದು. ಪುಸ್ತಕದಲ್ಲಿ ಅದೇ ಮಾತಿಗೆ ಹೊಳೆ ಒಣಗದೆ ಎಂದರ್ಥ. ದಡದಲ್ಲಿ ನಿಂತವರಿಗೆ ಸಂದರ್ಭ ಅರ್ಥವನ್ನು ತಿಳಿಸುತ್ತದೆ. ದೂರದಲ್ಲಿ, ಎಷ್ಟೋ ವರ್ಷಗಳ ಮೇಲೆ ಓದುವವನಿಗೆ ಸಂದರ್ಭ ಕಾಣುವುದಿಲ್ಲ. ಆದುದರಿಂದ ಎಲ್ಲ ಸೀಮೆಯವರಿಗೂ ಸಮಾನವಾದ, ಧಾತು ಪ್ರತ್ಯಯಗಳನ್ನು ಬಿಡಿಸಿ ತೋರಿಸುವ ಗ್ರಾಂಥಿಕ ರೂಪ ಅಗತ್ಯ. ಅದನ್ನು ಎಲ್ಲರೂ ಕಲಿಯಲೇಬೇಕು. ಆದರೆ ಕಲಿಯುವುದು ಒಂದು, ತಾಯಿಯಿಂದ ಬಂದ ಮಾತಿಗಾಗಿ ನಾಚುವುದು ಇನ್ನೊಂದು. ಹಳ್ಳಿಯ ವಿದ್ಯಾರ್ಥಿಗೆ ಎರಡು ರೂಪಗಳು ಗೊತ್ತು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಹೋಲಿಸುವ ಅವಕಾಶ ಅವನಿಗುಂಟು. ಹೋಲಿಕೆಯೇ ವಿಜ್ಞಾನದ ಮೊದಲ ಸಾಧನವಾದುದರಿಂದ ಆ ಮಟ್ಟಿಗೆ ಅವನು ಅನುಕೂಲ ಸ್ಥಿತಿಯಲ್ಲಿಯೇ ಇದ್ದಾನೆ.

ವಾಚಕರು ಮಾಡಬಹುದಾದ ಒಂದು ಕೆಲಸ

ಈ ಅಭ್ಯಾಸಕ್ಕೆ ಪ್ರಯೋಗಶಾಲೆಯೇನೂ ಬೇಕಾಗಿಲ್ಲ. ಒಂದು ನೋಟುಪುಸ್ತಕ ಮತ್ತು ಪೆನ್ಸಿಲು ಸಾಕು. ತಮ್ಮ ಊರಿನ ಹಿರಿಯರು ಆಡುವ ಕ್ರಿಯಾಪದಗಳನ್ನು ಕೇಳಿದಂತೆಯೇ ಬರೆದುಕೊಂಡು ಮೂರು ಅಂಕಣ ಮಾಡಿ: ಗ್ರಾಂಥಿಕ ರೂಪ, ಆಡುವ ರೂಪ, ಕಿವಿಯ ವಿಭಾಗ. ‘ಬರ್ತಾನೆ’ಯಲ್ಲಿ ಲೀನವಾಗುವ ರಕಾರ ‘ಮಾರ್ತಾನೆ’, ‘ಸೇರ್ತಾನೆ’ ಎಂಬಲ್ಲಿಯೂ ಲೀನವಾಗುತ್ತದೆಯೇ, ದೀರ್ಘಸ್ವರದ ನಂತರ ಉಳಿದುಕೊಳ್ಳುತ್ತದೆಯೇ ಎಂದು ಪರೀಕ್ಷಿಸಿ. ಉಳಿದುಕೊಂಡರೆ ಅದಕ್ಕೂ ‘ಬೀಳು–ಬಿದ್ದ’ ಎಂಬುದಕ್ಕೂ ಏನಾದರೂ ಸಂಬಂಧ ಕಾಣುವುದೇ ಎಂದು ಆಲೋಚಿಸಿ. ಅರಕಲಗೂಡಿನವರ ಪಟ್ಟಿಯನ್ನೂ ಚನ್ನರಾಯಪಟ್ಟಣದವರ ಪಟ್ಟಿಯನ್ನೂ ಜೊತೆಗಿಟ್ಟು ನೋಡಿ. ಸಾಧ್ಯವಾದರೆ ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹಾಸನ ಜಿಲ್ಲೆಯ ಸಂಪುಟವನ್ನು ಗ್ರಂಥಾಲಯದಲ್ಲಿ ತೆಗೆಸಿ, ತಮ್ಮ ತಾಲ್ಲೂಕಿನ ಶಾಸನಗಳಲ್ಲಿ ಕ್ರಿಯಾಪದಗಳನ್ನು ಹುಡುಕಿ.

ಬರೆದುಕೊಳ್ಳುವಾಗ ಒಂದೇ ಒಂದು ಎಚ್ಚರ ಅವಶ್ಯ. ಹೀಗೆ ಹೇಳಬೇಕಾಗಿತ್ತು ಎಂದು ಯಾರ ಮಾತನ್ನೂ ತಿದ್ದಬಾರದು. ಉಷ್ಣಮಾಪಕ ತೋರಿಸಿದ ಅಂಕಿಯನ್ನು ನಮಗೆ ಬೇಕಾದಂತೆ ತಿದ್ದಿ ಬರೆದರೆ ಪ್ರಯೋಗ ಕೆಡುತ್ತದೆ. ಅಜ್ಜಿಯ ಮಾತನ್ನು ತಿದ್ದಿ ಬರೆದರೂ ಅಷ್ಟೇ.